ಪದ್ಮಿನಿಗೆ ಕ್ಯಾಡಿಲಾಕ್‌ನ ಕಾಲುಂಗುರ

ಕಳೆದ ರಾಜ್ಯೋತ್ಸವಕ್ಕೆ ಪುಣೆಯಲ್ಲಿ ನಾವು ಸೇರುವ ಸಭಾಂಗಣದ ಬಾಗಿಲಲ್ಲಿ ಒಂದು ಪ್ರೀಮಿಯರ್ ಪದ್ಮಿನಿ ನಿಂತಿತ್ತು. ಕೆನೆ ಬಣ್ಣ, ಕನ್ನಡಿಯಂಥ ಪಾಲಿಶ್, ಬಾನೆಟ್ ಮೇಲೆ ಹಳದಿ ಕೆಂಪು ಬಾವುಟ. ಗಾಲಿಗಳಿಗೆ ಕಡ್ಡಿ ಕಡ್ಡಿ ಸ್ಪೋಕಿನಂತೆ ಕಾಣುವ ಕ್ರೋಮ್ ಮುಚ್ಚಳ, ಸುತ್ತ ಅಂಗೈ ಅಗಲದ ಬಿಳಿ ಪಟ್ಟಿಯ ಟೈರು. ಜನ ಸಾಲುಗಟ್ಟಿ ಸೆಲ್ಫಿ ತೆಗೆಸಿಕೊಂಡರು. 'ನಮ್ಮ ಕಾಲದ ಕಾರು ನೋಡು ಪುಟ್ಟಾ' ಎಂದು ಒಬ್ಬರು ಮಗನಿಗೆ ತೋರಿಸಿದರು. 'ಪಕ್ಕಾ ವಿಂಟೇಜ್' ಎಂದರು ಇನ್ನೊಬ್ಬರು. ನಾನು ಕಾಫಿ ಲೋಟ ಹಿಡಿದು ದೂರ ನಿಂತಿದ್ದೆ. ಬಾಯಿ ತೆಗೆದರೆ ಜಗಳವಾಗುತ್ತದೆ ಅಂತ ಗೊತ್ತಿತ್ತು. ಆ ಜಗಳವನ್ನು ಈಗ ಇಲ್ಲಿ ಆಡುತ್ತೇನೆ.

ಆ ಗಾಲಿಗಳು ಸುಳ್ಳು. ನಮ್ಮ ಕಾಲದ ಯಾವ ಪದ್ಮಿನಿಯೂ ನಮ್ಮ ಊರುಗಳಲ್ಲಿ ಹಾಗೆ ಓಡಾಡಿದ್ದನ್ನು ನಾನು ನೋಡಿಲ್ಲ. ಈ ಮಾತನ್ನು ಪರಮ ಪವಿತ್ರನಂತೆ ಹೇಳುತ್ತಿಲ್ಲ. ಮೂರು ವರ್ಷದ ಹಿಂದೆ ಇದೇ ತಪ್ಪನ್ನು, ಇದಕ್ಕಿಂತ ಹೆಚ್ಚು ದುಡ್ಡು ಕೊಟ್ಟು, ನನ್ನ ಅಪ್ಪನ ಕಾರಿಗೆ ನಾನೇ ಮಾಡಿದ್ದೆ.

ಅಪ್ಪ ರಾಣೆಬೆನ್ನೂರಿನಲ್ಲಿ ಡಾಕ್ಟರು. ಕಾರಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾದು, 1984ರಲ್ಲಿ ಪದ್ಮಿನಿ ಮನೆಗೆ ಬಂತು. ಆಗ ನನಗೆ ನಾಲ್ಕು ವರ್ಷ. ಹಲಗೇರಿ, ಮೇಡ್ಲೇರಿ, ಕುಪ್ಪೇಲೂರು ಅಂತ ಅಪ್ಪ ಅದರಲ್ಲೇ ಪೇಷೆಂಟುಗಳ ಮನೆಗೆ ಹೋಗಿ ಬರುತ್ತಿದ್ದರು. ಮುಂದೆ ನಾನು ಎಂ.ಟೆಕ್ ಮಾಡಿದ್ದು ಮಷಿನ್ ಡಿಸೈನ್‌ನಲ್ಲಿ. ಹೊಟ್ಟೆ ತುಂಬಿಸಿದ್ದು ಸಾಫ್ಟ್‌ವೇರ್ ಕಂಪನಿಯ ಎಕ್ಸೆಲ್ ಶೀಟು. ಕಲಿತ ವಿದ್ಯೆಗೆ ಕೊನೆಗೂ ಒಂದು ಉಪಯೋಗ ಸಿಕ್ಕಿತು ಅಂದುಕೊಂಡು, ಗೂಡಿನಲ್ಲಿ ಧೂಳು ತಿನ್ನುತ್ತಿದ್ದ ಕಾರನ್ನು ಲಾರಿಯಲ್ಲಿ ಹೇರಿಸಿ ಪುಣೆಗೆ ತರಿಸಿದೆ. ಎಂಜಿನ್ನು, ಬ್ರೇಕು, ತಗಡು ಎಲ್ಲಾ ಚೆನ್ನಾಗಿಯೇ ಆಯಿತು. ಗಾಲಿಯ ಹತ್ತಿರ ಬಂದಾಗ ನನ್ನ ಬುದ್ಧಿ ಕೆಟ್ಟಿತು. ಗ್ಯಾರೇಜಿನವನು ಮೊಬೈಲಿನಲ್ಲಿ ಫೋಟೋ ತೋರಿಸಿದ: 'ಪೀರಿಯಡ್ ಲುಕ್ ಬೇಕಾದರೆ ಹೀಗೆ ಮಾಡಿ ಸಾರ್.' ಫೋಟೋದಲ್ಲಿದ್ದದ್ದು ಐವತ್ತರ ದಶಕದ ಅಮೆರಿಕದ ಕಾರು. ನಾನು ಹ್ಞೂಂ ಅಂದೆ.

ಯಾವ ಪೀರಿಯಡ್ಡು, ಯಾರ ಪೀರಿಯಡ್ಡು ಅಂತ ಕೇಳಬೇಕಿತ್ತು. ಕಚೇರಿಯಲ್ಲಿ ಕ್ಲೈಂಟು ಎರಡು ಸಾಲಿನ ಮೇಲ್ ಕಳಿಸಿದರೂ ಇಪ್ಪತ್ತು ಪ್ರಶ್ನೆ ಕೇಳುವವನು ನಾನು.

ಬಿಳಿ ಪಟ್ಟಿಯ ಟೈರಿನ ಕಥೆ ಸ್ವಾರಸ್ಯವಾಗಿದೆ, ಸ್ವಲ್ಪ ಕೇಳಿ. ರಬ್ಬರ್ ಹುಟ್ಟಾ ಕಪ್ಪಲ್ಲ, ತಿಳಿ ಕೆನೆ ಬಣ್ಣದ್ದು. ಅದಕ್ಕೆ ಗಟ್ಟಿತನ ಬರಲೆಂದು ಸತುವಿನ ಆಕ್ಸೈಡ್ ಬೆರೆಸುತ್ತಿದ್ದರು, ಅದೂ ಬಿಳಿ. ಹಾಗಾಗಿ ಮೊದಮೊದಲಿನ ಟೈರುಗಳು ಪೂರ್ತಿ ಬೆಳ್ಳಗಿದ್ದವು. ಆಮೇಲೆ ಕಾರ್ಬನ್ ಬ್ಲ್ಯಾಕ್, ಅಂದರೆ ಒಂದು ಜಾತಿಯ ಕಾಡಿಗೆ, ಸೇರಿಸಿದರೆ ರಬ್ಬರಿನ ಸವೆತ ಬಹಳ ಕಡಿಮೆಯಾಗುತ್ತದೆ ಎಂದು ಗೊತ್ತಾಯಿತು. ಕಾಡಿಗೆ ತುಟ್ಟಿ. ಅದಕ್ಕೇ ನೆಲ ಮುಟ್ಟುವ ಮೇಲ್ಪದರಕ್ಕೆ ಮಾತ್ರ ಅದನ್ನು ಬೆರೆಸಿ, ಪಕ್ಕದ ಕೆನ್ನೆಯನ್ನು ಬಿಳಿಯಾಗಿಯೇ ಬಿಟ್ಟರು. ಬಿಳಿ ಕೆನ್ನೆ ಎಂದರೆ ಆಗ ಉಳಿತಾಯದ ಗುರುತು. ಪೂರ್ತಿ ಕಪ್ಪು ಟೈರು ಹಾಕಿಸಿದವನೇ ಸಾಹುಕಾರ! ಮೂವತ್ತರ ದಶಕದ ಹೊತ್ತಿಗೆ ಇದು ತಿರುಗುಮುರುಗಾಯಿತು. ಎಲ್ಲರ ಟೈರೂ ಕಪ್ಪಾದ ಮೇಲೆ ಬಿಳಿ ಪಟ್ಟಿ ಶೋಕಿಯಾಯಿತು. ಎರಡನೇ ಮಹಾಯುದ್ಧದಲ್ಲಿ ಕಚ್ಚಾವಸ್ತುವಿನ ಅಭಾವ ಬಂದಾಗ ಶೋಕಿ ನಿಂತು, ಯುದ್ಧ ಮುಗಿದ ಮೇಲೆ ಐವತ್ತರ ದಶಕದ ಅಮೆರಿಕದಲ್ಲಿ ಮತ್ತೆ ಮೆರೆಯಿತು. 1957ರ ಕ್ಯಾಡಿಲಾಕ್ ಎಲ್ಡೊರಾಡೊ ಬ್ರೋಮ್ ಕಾರಿನಲ್ಲಿ ಪಟ್ಟಿ ಒಂದಿಂಚಿಗೆ ಇಳಿಯಿತು. 1962ರ ಹೊತ್ತಿಗೆ ಅಗಲ ಪಟ್ಟಿ ಅಲ್ಲಿಯೂ ಹಳತಾಗಿತ್ತು.

ಈಗ ಪದ್ಮಿನಿಯ ಜಾತಕ ನೋಡಿ. ಇಟಲಿಯ ಫಿಯೆಟ್ 1100 ಇದರ ಮೂಲ. ಅದು ಬಂದದ್ದು 1953ರಲ್ಲಿ, ಯುದ್ಧದಲ್ಲಿ ಸೋತು ಸುಣ್ಣವಾಗಿದ್ದ ದೇಶದ ಮಧ್ಯಮ ವರ್ಗಕ್ಕೆ. ನಮ್ಮಲ್ಲಿ 1964ರಲ್ಲಿ 1100 ಡಿಲೈಟ್ ಎಂದು ಬಂದ ಮಾದರಿಯೇ ಹೆಸರು ಬದಲಿಸುತ್ತಾ 1974ರಲ್ಲಿ ಪದ್ಮಿನಿಯಾಯಿತು. ಮಾಡಿದ್ದು ಮುಂಬೈನ ಕುರ್ಲಾದಲ್ಲಿ. 1089 ಸಿಸಿ ಎಂಜಿನ್ನು, ನಲವತ್ತರ ಆಸುಪಾಸಿನ ಅಶ್ವಶಕ್ತಿ, ಸ್ಟೀರಿಂಗ್ ಪಕ್ಕದಲ್ಲೇ ಗೇರು, ನಾಲ್ಕೂ ಗಾಲಿಗೆ ಡ್ರಮ್ ಬ್ರೇಕು, ಪವರ್ ಸ್ಟೀರಿಂಗ್ ಎಂಬ ಮಾತೇ ಇಲ್ಲ. ಗಾಲಿ 14 ಇಂಚಿನ ಸಾದಾ ಉಕ್ಕಿನದು, ಟೈರು 5.20-14. ಅಂದರೆ ಟೈರಿನ ಅಗಲ 5.2 ಇಂಚು, ಸುಮಾರು 132 ಮಿಲಿಮೀಟರು. ಇವತ್ತಿನ ಸಣ್ಣ ಕಾರಿಗೂ ಇದಕ್ಕಿಂತ ದಪ್ಪ ಟೈರಿರುತ್ತದೆ. ಸಂಸಾರವಂದಿಗರ ಕಾರು, ಸಂಸಾರವಂದಿಗರ ಚಪ್ಪಲಿ. ಅಂಥದ್ದಕ್ಕೆ ಕ್ಯಾಡಿಲಾಕ್‌ನ ಕಾಲುಂಗುರ ತೊಡಿಸಿ 'ನಮ್ಮ ಕಾಲ' ಅನ್ನುತ್ತೀರಲ್ಲ, ಯಾರ ಕಾಲ ಸ್ವಾಮಿ ಅದು? ಡೆಟ್ರಾಯಿಟಿನ ಯಾವನದೋ ಕಾಲ.

'ವಿಂಟೇಜ್' ಅನ್ನುವ ಪದದ ಗೊಡವೆಯನ್ನೂ ಇಲ್ಲೇ ಮುಗಿಸಿಬಿಡುತ್ತೇನೆ. 2021ರಲ್ಲಿ ಕೇಂದ್ರ ಸರ್ಕಾರ ಮಾಡಿದ ನಿಯಮದಂತೆ ಮೊದಲ ನೋಂದಣಿಯಿಂದ ಐವತ್ತು ವರ್ಷ ದಾಟಿದ, ಷಾಸಿ, ಬಾಡಿ, ಎಂಜಿನ್ನು ಬದಲಾಯಿಸದ ವಾಹನ ಮಾತ್ರ ವಿಂಟೇಜ್. ನಮ್ಮ ಅಪ್ಪನ ಕಾರು 2034ರವರೆಗೆ ಬರೀ ಹಳೇ ಕಾರು. ಆ ನಿಯಮ ಗಾಲಿಯ ಬಗ್ಗೆ ಏನೂ ಹೇಳುವುದಿಲ್ಲ ಅನ್ನುವುದು ನಿಜ. ಕಾನೂನು ಬಿಟ್ಟದ್ದನ್ನೆಲ್ಲ ಮಾಡಬಹುದು ಅನ್ನುವುದಾದರೆ ನನ್ನ ತಕರಾರಿಲ್ಲ, ಸಭಾಂಗಣದ ಬಾಗಿಲಲ್ಲಿ ನಿಲ್ಲಿಸಿ ಮಕ್ಕಳಿಗೆ ಇತಿಹಾಸ ಪಾಠ ಹೇಳದಿದ್ದರೆ ಸಾಕು.

ನಾನು ಹಾಕಿಸಿದ್ದು 15 ಇಂಚಿನ ಕ್ರೋಮ್ ರಿಮ್ಮು, 185/65 ರೇಡಿಯಲ್ ಟೈರು. ಲೆಕ್ಕ ಮಾಡಿಯೇ ಹಾಕಿಸಿದೆ. ಹಳೆಯ ಟೈರಿನ ಹೊರ ವ್ಯಾಸ ಸುಮಾರು 610 ಮಿಲಿಮೀಟರು. ಹೊಸದು 621 ಚಿಲ್ಲರೆ. ಎರಡು ಪರ್ಸೆಂಟಿನಷ್ಟು ವ್ಯತ್ಯಾಸ, ಸ್ಪೀಡೋಮೀಟರ್ ಹೆಚ್ಚು ಸುಳ್ಳು ಹೇಳುವುದಿಲ್ಲ ಅಂತ ಬೀಗಿದೆ. ಮರೆತದ್ದು ಆಫ್‌ಸೆಟ್. ರಿಮ್ಮು ಅಗಲವಾದಾಗ ಗಾಲಿ ಹೊರಕ್ಕೆ ಚಾಚಿಕೊಳ್ಳುತ್ತದೆ. ಭಾರ ಬೀಳುವ ಜಾಗ ಬೇರಿಂಗಿನಿಂದ ದೂರ ಸರಿಯುತ್ತದೆ. ಸ್ಟೀರಿಂಗ್ ತಿರುಗಿಸುವಾಗ ಗಾಲಿ ನಿಂತಲ್ಲೇ ತಿರುಗುವ ಬದಲು ದೊಡ್ಡ ಕಮಾನು ಹೊಡೆಯುತ್ತದೆ. ಪಾರ್ಕಿಂಗಿನಲ್ಲಿ ಕಾರು ಹೊರಳಿಸಲು ರಾಗಿ ಕಲ್ಲು ಬೀಸಿದಷ್ಟು ಶಕ್ತಿ ಬೇಕಾಯಿತು. ಪೂರ್ತಿ ತಿರುಗಿಸಿದರೆ ಟೈರು ಮಡ್‌ಗಾರ್ಡಿಗೆ ಉಜ್ಜುತ್ತಿತ್ತು. ಎಂಟನೇ ಸೆಮಿಸ್ಟರಿನ ಹುಡುಗ ಹೇಳಬಹುದಾಗಿದ್ದ ಸಂಗತಿ. ಆದರೆ ನನ್ನ ಕಣ್ಣಿಗೆ ಕ್ರೋಮ್ ಕವಿದಿತ್ತು.

ಆ ಅಳತೆಯ ರೇಡಿಯಲ್ಲಿಗೆ ಅಸಲಿ ಬಿಳಿ ಪಟ್ಟಿಯ ಟೈರು ಇಲ್ಲಿ ಸಿಗಲಿಲ್ಲ. ಅಮೆರಿಕದಲ್ಲಿ ಟೆನೆಸಿಯ ಚಾಟನೂಗಾದ ಕೋಕರ್ ಟೈರ್ ಕಂಪನಿಯವರು ಹಳೆಯ ಕಾರುಗಳಿಗೆಂದೇ ಮಾಡುತ್ತಾರೆ, ಬಿಳಿ ರಬ್ಬರನ್ನು ಟೈರಿನ ಒಳಗೇ ಸೇರಿಸಿ. ತರಿಸುವ ಖರ್ಚು ಕೇಳಿ ಕೈಬಿಟ್ಟೆ. ಗ್ಯಾರೇಜಿನವನು ಸುಲಭದ ದಾರಿ ತೋರಿಸಿದ: ಪೋರ್ಟಾವಾಲ್. ತೆಳು ರಬ್ಬರಿನ ಬಿಳಿ ಬಳೆ. ಟೈರಿಗೂ ರಿಮ್ಮಿಗೂ ನಡುವೆ ಅದರ ಅಂಚು ಸಿಕ್ಕಿಸಿ ಗಾಳಿ ತುಂಬಿದರೆ ಮುಗಿಯಿತು, ಕರಿ ಟೈರು ಗೌರವರ್ಣಕ್ಕೆ ತಿರುಗುತ್ತದೆ.

ಅಪ್ಪ ಕಣ್ಣಿನ ಆಪರೇಶನ್ನಿಗೆಂದು ಪುಣೆಗೆ ಬಂದವರು ಎರಡು ತಿಂಗಳು ನಮ್ಮಲ್ಲೇ ಇದ್ದರು. ಪಟ್ಟಿ ಬಿಚ್ಚಿ ಹೊಸ ಕಣ್ಣು ಬಂದ ಮೇಲೆ ಕಾರು ತೋರಿಸಿದೆ. ಸುತ್ತ ಒಂದು ಪ್ರದಕ್ಷಿಣೆ ಹಾಕಿ ಬಂದು ಗಾಲಿಯ ಮುಂದೆ ನಿಂತರು.

'ಏನೋ ತಮ್ಮಾ, ಗಾಲಿಗೆ ಸುಣ್ಣಾ ಬಳಿಸೀಯಲ್ಲ?'

'ಆಗಿನ ಕಾಲದ ಸ್ಟೈಲ್ ಅಪ್ಪಾ.'

'ಹೌದನು? ಛಲೋ ಐತಿ ಬಿಡು. ಕಂಪನಿ ನಾಟಕದ ಗಾಡಿ ಕಂಡಂಗ ಕಾಣತೈತಿ.'

ಹೊಗಳಿಕೆ ಅಂದುಕೊಂಡೆ. ಮಗಳಿಗೂ 'ಅಜ್ಜನ ಕಾರು ಹೀಗೇ ಇತ್ತು' ಅಂತ ಹೇಳಿಯಾಗಿತ್ತು.

ಅದೇ ಕಾರಿನಲ್ಲಿ ಅಪ್ಪನನ್ನು ಊರಿಗೆ ಬಿಡಲು ಹೊರಟೆ. ಐನೂರು ಕಿಲೋಮೀಟರಿಗೂ ಹೆಚ್ಚಿನ ದಾರಿ. ಸಾತಾರಾ, ಕೊಲ್ಹಾಪುರ ದಾಟುವವರೆಗೆ ಸುಖ. ನಿಪ್ಪಾಣಿಯ ಹತ್ತಿರ ಎಡಗಡೆಯಿಂದ ಪಟಪಟ ಎಂಬ ಸದ್ದು. ಗಂಟೆಗೆ ಎಂಬತ್ತರಲ್ಲಿದ್ದವನು ಅರವತ್ತಕ್ಕಿಳಿಸಿದರೆ ಸದ್ದು ನಿಂತಿತು. ಮತ್ತೆ ಏರಿಸಿದರೆ ಮತ್ತೆ. ಮುಂದೆ ತವಂದಿ ಘಾಟು. 'ನಿಲ್ಲಸು' ಅಂದರು ಅಪ್ಪ. ನಿಲ್ಲಿಸಿದೆ. ಬಿಳಿ ಬಳೆಯ ಹೊರ ಅಂಚು ಗಾಳಿಗೆ ಎದ್ದು ಆನೆಯ ಕಿವಿಯಂತೆ ಬಡಿಯುತ್ತಿತ್ತು. ಕಿತ್ತು ಬಿಸಾಡಿ ಮುಂದೆ ಹೋಗೋಣ ಅಂದುಕೊಂಡೆ. ಪಂಕ್ಚರ್ ಅಂಗಡಿಗೆ ಹೋಗು ಅಂದರು.

ಪಂಕ್ಚರ್ ಅಂಗಡಿಯ ಹುಡುಗ ಗಾಳಿ ತೆಗೆದು, ಟೈರು ಬಿಚ್ಚಿ, ಬಳೆ ಎತ್ತಿದ. 'ಸಾಹೇಬ್ರ, ಇಲ್ಲಿ ಕೈ ಹಾಕಿ ನೋಡ್ರಿ' ಅಂದ. ಟೈರಿನ ಕೆನ್ನೆಯ ಸುತ್ತ ದಾರ ಕಟ್ಟಿ ಗರಗಸ ಎಳೆದಂತೆ ಒಂದು ಗೀರು. ಒಂದೆರಡು ಕಡೆ ಒಳಗಿನ ನೂಲು ಬೆರಳಿಗೆ ಸಿಗುತ್ತಿತ್ತು. ಉಳಿದ ಮೂರು ಗಾಲಿಗಳಲ್ಲಿಯೂ ಗೀರು ಶುರುವಾಗಿತ್ತು.

ಇದು ಯಾಕೆ ಆಗುತ್ತದೆ ಎಂದು ಹೇಳಬೇಕು, ಏಕೆಂದರೆ ಈ ಬಳೆಗಳನ್ನು ಇವತ್ತೂ ಮಾರುತ್ತಿದ್ದಾರೆ. ಹಳೆಯ ಕ್ರಾಸ್‌ಪ್ಲೈ ಟೈರಿನಲ್ಲಿ ಒಳಗಿನ ನೂಲಿನ ಪದರಗಳು ಓರೆಯಾಗಿ, ಒಂದರ ಮೇಲೊಂದು ಕತ್ತರಿ ಹಾಕಿದಂತೆ ಇರುತ್ತವೆ. ಕೆನ್ನೆ ಬಿಗಿ. ರೇಡಿಯಲ್ಲಿನಲ್ಲಿ ನೂಲು ಈ ಅಂಚಿನಿಂದ ಆ ಅಂಚಿಗೆ ನೇರ. ಬಿಗಿತವೆಲ್ಲ ನೆಲ ಮುಟ್ಟುವ ಭಾಗದ ಕೆಳಗಿರುವ ಉಕ್ಕಿನ ಪಟ್ಟಿಯಲ್ಲಿ. ಹಾಗಾಗಿ ರೇಡಿಯಲ್ಲಿನ ಕೆನ್ನೆ ಮೆದು. ಪ್ರತಿ ಸುತ್ತಿಗೂ ನೆಲಕ್ಕೆ ಬಂದಾಗ ಉಬ್ಬಿ, ಮೇಲೆ ಹೋದಾಗ ಕುಗ್ಗುತ್ತದೆ. ಆ ಉಬ್ಬುವ ಕೆನ್ನೆಗೂ ಬಳೆಗೂ ನಡುವೆ ಧೂಳು, ಮರಳು ಸೇರಿದರೆ ಅದು ಉಪ್ಪುಕಾಗದ. 610 ಮಿಲಿಮೀಟರಿನ ಟೈರು ಒಂದು ಕಿಲೋಮೀಟರಿಗೆ ಐನೂರಕ್ಕೂ ಹೆಚ್ಚು ಸುತ್ತು ಸುತ್ತುತ್ತದೆ. ಪುಣೆಯಿಂದ ನಿಪ್ಪಾಣಿಗೆ ಎಷ್ಟು ಸಲ ಉಜ್ಜಿತು ಅಂತ ನೀವೇ ಗುಣಿಸಿ. ಘಾಟಿನ ತಿರುವಿನಲ್ಲಿ ಮುಂದಿನ ಟೈರು ಒಡೆದಿದ್ದರೆ ಈ ಲೇಖನ ಬರೆಯಲು ನಾನಿರುತ್ತಿದ್ದೆನೋ ಇಲ್ಲವೋ. ಪಕ್ಕದಲ್ಲಿ ಎಪ್ಪತ್ತೈದು ದಾಟಿದ, ಹೊಸ ಕಣ್ಣಿನ ಅಪ್ಪ.

ಅಂಗಡಿಯ ಬೆಂಚಿನ ಮೇಲೆ ಚಹಾ ಕುಡಿಯುತ್ತಾ ಅಪ್ಪ ಸಮಾಧಾನವಾಗಿಯೇ ಹೇಳಿದರು: 'ನಮ್ಮ ಗಾಡಿಗೆ ಬಿಳೇ ಗಾಲಿ ಯಾವಾಗಿತ್ತೋ? ಮೇಡ್ಲೇರಿ ಎರಿ ಮಣ್ಣಾಗ ಬಿಳೇದು ಒಂದು ತಾಸರ ಉಳೀತಿತ್ತನು?' ವೀಲ್ ಕ್ಯಾಪನ್ನು ಕೂಡ ದಿನಾ ಹಾಕುತ್ತಿರಲಿಲ್ಲವಂತೆ. ಹಳ್ಳಿ ದಾರಿಯಲ್ಲಿ ಉದುರಿಹೋಗುತ್ತವೆ ಅಂತ ಕಳಚಿ ಅಲಮಾರಿನಲ್ಲಿಟ್ಟು, ಮದುವೆ, ಜಾತ್ರೆಗೆ ಮಾತ್ರ ಹೊರತೆಗೆಯುತ್ತಿದ್ದರಂತೆ. ಇದು ನನಗೆ ನೆನಪೇ ಇರಲಿಲ್ಲ. ಆಮೇಲೆ ಊರಿನಲ್ಲಿ ಆಲ್ಬಮ್ ತೆಗೆದು ನೋಡಿದರೆ 1987ರ ಒಂದು ಫೋಟೋ: ಮನೆ ಮುಂದೆ ಕಾರು, ಬಾನೆಟ್ ಮೇಲೆ ನಾನು. ಗಾಲಿ ಕರಿ. ನಡುವೆ ನಾಲ್ಕು ಬೋಲ್ಟು ಬರಿಗಣ್ಣಿಗೆ ಕಾಣುತ್ತವೆ. ಕೆನ್ನೆಯ ಅರ್ಧದವರೆಗೆ ಒಣಗಿದ ಎರೆಮಣ್ಣು.

ಆ ಸಣಕಲು ಟೈರಿಗೂ ಒಂದು ಅರ್ಥವಿತ್ತು. ಕೆಸರಿನಲ್ಲಿ ಕಿರಿದಾದ ಟೈರು ಮೇಲಿನ ರಾಡಿಯನ್ನು ಸೀಳಿ ಕೆಳಗಿನ ಗಟ್ಟಿ ನೆಲ ಹುಡುಕಿಕೊಳ್ಳುತ್ತದೆ. ಅಗಲದ್ದು ತೇಲಿ ಜಾರುತ್ತದೆ. ಮಳೆಗಾಲದ ರಾತ್ರಿ ಅಪ್ಪ ಬಸುರಿಯೊಬ್ಬಳನ್ನು ಕುಪ್ಪೇಲೂರಿನಿಂದ ಆಸ್ಪತ್ರೆಗೆ ತಂದದ್ದು ಆ 5.2 ಇಂಚಿನ ಮೇಲೆ. ನಾನು ಚಂದ ಕಾಣಲಿ ಅಂತ ಕಿತ್ತು ಹಾಕಿದ್ದು ಅದನ್ನು. ಅದೂ ಎಂಥ ಕಿತ್ತು ಹಾಕಿದ್ದು! ಹಳೆಯ ಐದೂ ರಿಮ್ಮುಗಳನ್ನು, ಸ್ಟೆಪ್ನಿ ಸಮೇತ, ಗ್ಯಾರೇಜಿನವನು ಗುಜರಿಗೆ ಹಾಕಿದ್ದ. ನನ್ನ ಸಹಿ ಇದ್ದ ಕಾಗದ ತೋರಿಸಿದ. (ಸ್ಟೆಪ್ನಿ ಅನ್ನುವ ಮಾತು ವೇಲ್ಸ್‌ನ ಲನೆಲಿ ಊರಿನ ಸ್ಟೆಪ್ನಿ ಬೀದಿಯಿಂದ ಬಂತು, 1904ರಲ್ಲಿ ಅಲ್ಲಿಯ ಅಣ್ಣತಮ್ಮಂದಿರು ಹೆಚ್ಚುವರಿ ಗಾಲಿ ಮಾಡಿ ಮಾರಿದರು. ಅವರ ದೇಶದವರು ಮರೆತ ಹೆಸರನ್ನು ನಮ್ಮ ಲಾರಿ ಡ್ರೈವರುಗಳು ಉಳಿಸಿದ್ದಾರೆ.)

ಇಷ್ಟು ಹೇಳಿದರೆ ಇನ್ನೊಂದು ಪಂಗಡ ಚಪ್ಪಾಳೆ ತಟ್ಟುತ್ತದೆ: ಶುದ್ಧಾಂಗರು. ವಾಟ್ಸಾಪ್ ಗುಂಪುಗಳಲ್ಲಿ ಇವರನ್ನು ನೋಡಿದ್ದೇನೆ. ಕಂಪನಿಯ ಕಾಗದದಲ್ಲಿ ಏನಿದೆಯೋ ಅದೇ ಇರಬೇಕು, ರೇಡಿಯಲ್ ಹಾಕಿದರೆ ಮಡಿ ಮೈಲಿಗೆ. ಯಾವುದೋ ಗೋದಾಮಿನಲ್ಲಿ ಇಪ್ಪತ್ತೈದು ವರ್ಷ ಕೂತ 'ಹೊಸ' ಟೈರನ್ನು ದೇವರ ಪ್ರಸಾದದಂತೆ ತಂದು ಹಾಕಿಕೊಳ್ಳುತ್ತಾರೆ. ರಬ್ಬರ್ ಓಡದಿದ್ದರೂ ಮುದಿಯಾಗುತ್ತದೆ. ಟೈರಿನ ಕೆನ್ನೆಯ ಮೇಲೆ ನಾಲ್ಕು ಅಂಕಿ ಇರುತ್ತವೆ, 2308 ಅಂತಿದ್ದರೆ 2008ರ 23ನೇ ವಾರದಲ್ಲಿ ಹುಟ್ಟಿದ್ದು. ಮೂರೇ ಅಂಕಿ ಇದ್ದರೆ ಅದು 2000ಕ್ಕಿಂತ ಹಿಂದಿನದು. ಅಂಥದ್ದನ್ನು ಗೋಡೆಗೆ ನೇತುಹಾಕಿ, ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಎಕ್ಸ್‌ಪ್ರೆಸ್‌ವೇಗೆ ಹೋಗಬೇಡಿ.

ಇವರೂ ಬಿಳಿ ಪಟ್ಟಿಯವರೂ ನನ್ನ ಕಣ್ಣಿಗೆ ಒಂದೇ. ಇಬ್ಬರಿಗೂ ಕಾರು ಓಡಬೇಕಾಗಿಲ್ಲ, ನಿಂತು ಕಾಣಿಸಿಕೊಳ್ಳಬೇಕು. ಅಪ್ಪನ ಕಾಲದಲ್ಲಿ ಹೆಚ್ಚು ಒಳ್ಳೆಯ ಟೈರು ಸಿಕ್ಕಿದ್ದರೆ ಅಪ್ಪ ಅದನ್ನೇ ಹಾಕಿಸುತ್ತಿದ್ದರು, ಒಂದು ಕ್ಷಣವೂ ಯೋಚಿಸದೆ. ಹಾಗಾಗಿ ಒಳಗೆ ರೇಡಿಯಲ್ ಇರುವುದಕ್ಕೆ ನನಗೆ ನಾಚಿಕೆಯಿಲ್ಲ. 14 ಇಂಚಿಗೆ 155/80 ಹಾಕಿದರೆ ವ್ಯಾಸ 604 ಮಿಲಿಮೀಟರು, 165/80 ಹಾಕಿದರೆ 620. ಎರಡೂ ಹಳೆಯ ಅಳತೆಯ ಆಚೀಚೆ. ಕಿರಿದಾದ ರಿಮ್ಮಿಗೂ ಒಗ್ಗುತ್ತವೆ, ಕಮಾನಿನೊಳಗೆ ಹಳೆಯದರಂತೆಯೇ ಕಾಣುತ್ತವೆ. ಎರಡು ಎಚ್ಚರಿಕೆ ಮಾತ್ರ. ಹಳೆಯ ಉಕ್ಕಿನ ರಿಮ್ಮುಗಳಲ್ಲಿ ಟ್ಯೂಬ್‌ಲೆಸ್ ಟೈರಿನ ಅಂಚನ್ನು ಹಿಡಿದಿಡುವ ಉಬ್ಬು ಸಾಮಾನ್ಯವಾಗಿ ಇರುವುದಿಲ್ಲ, ರೇಡಿಯಲ್ಲಿನ ಟ್ಯೂಬು ಹಾಕಿಯೇ ಓಡಿಸಿ. ಮತ್ತೆ, ದುಡ್ಡು ಉಳಿಸಲು ಮುಂದೆ ಎರಡು ರೇಡಿಯಲ್, ಹಿಂದೆ ಎರಡು ಹಳೆಯ ಕ್ರಾಸ್‌ಪ್ಲೈ ಅಂತ ಮಾಡಬೇಡಿ. ತಿರುವಿನಲ್ಲಿ ಹಿಂಭಾಗ ನಿಮ್ಮನ್ನು ಕೇಳದೆ ಹೊರಗೆ ಹೋಗುತ್ತದೆ.

'ನನ್ನ ಕಾರು, ನನ್ನ ದುಡ್ಡು, ನನ್ನ ಇಷ್ಟ' ಅನ್ನುವವರಿಗೆ ಏನು ಹೇಳಲಿ? ಸರಿ, ನಿಮ್ಮದೇ. ಬಿಳಿ ಪಟ್ಟಿ ನಿಮಗೆ ನಿಜವಾಗಿ ಇಷ್ಟವಿದ್ದರೆ ಅಸಲಿಯನ್ನು ತರಿಸಿ ಹಾಕಿ, ಒಂದಿಂಚಿನ ತೆಳುವಾದದ್ದು ಹಾಕಿ, ಅರವತ್ತರ ದಶಕದ ಕಾರಿಗೆ ಅದು ಒಪ್ಪುತ್ತದೆ ಕೂಡ. 'ನಾನು ಹೀಗೆ ಅಲಂಕಾರ ಮಾಡಿದ್ದೇನೆ' ಅನ್ನಿ. ನನ್ನ ಸಿಟ್ಟು ಅಲಂಕಾರದ ಮೇಲಲ್ಲ. ಊರು ಬಿಟ್ಟು ಬಂದ ನಮಗೆ ಊರಿನ ನೆನಪೆಂದರೆ ಒಂದು ಫಿಲ್ಟರ್ ಆಗಿಬಿಟ್ಟಿದೆ. ತೊಟ್ಟಿಮನೆಯಲ್ಲಿ ಹುಟ್ಟದವನು ಇಪ್ಪತ್ತೆರಡನೇ ಮಹಡಿಯ ಫ್ಲ್ಯಾಟಿಗೆ ತೊಟ್ಟಿಮನೆಯ ಬಾಗಿಲು ತರಿಸುತ್ತಾನೆ. ಬಂದವರಿಗೆ 'ನಮ್ಮ ಅಜ್ಜನ ಮನೆಯದು' ಅನ್ನುತ್ತಾನೆ. ಅವನ ಅಜ್ಜ ಇದ್ದದ್ದು ಹೆಂಚಿನ ವಠಾರದಲ್ಲಿ. ವಠಾರದ ಬಾಗಿಲಿಗೆ ಏನು ಕೊರತೆಯಾಗಿತ್ತು?

ನಿಪ್ಪಾಣಿಯಿಂದ ಆ ದಿನ ಎರಡು ಹೊಸ ಟೈರು ಕೊಂಡು, ನಾಲ್ಕೂ ಬಳೆ ಕಿತ್ತು ಊರು ಸೇರಿದೆವು. ಪುಣೆಗೆ ವಾಪಸು ಬಂದ ಮೇಲೆ ಕಾರು ಒಂದು ವರ್ಷ ಬೇಸ್‌ಮೆಂಟಿನಲ್ಲಿ ಸ್ಟ್ಯಾಂಡಿನ ಮೇಲೆ ನಿಂತಿತ್ತು. 2023ರ ಅಕ್ಟೋಬರ್ ಕೊನೆಗೆ ಮುಂಬೈನ ಕಾಲಿ ಪೀಲಿ ಪದ್ಮಿನಿ ಟ್ಯಾಕ್ಸಿಗಳ ಕಥೆ ಮುಗಿಯಿತು. ಕೊನೆಯದು ನೋಂದಣಿಯಾದದ್ದು 2003ರ ಅಕ್ಟೋಬರ್ 29ರಂದು. ಟ್ಯಾಕ್ಸಿಗೆ ಇಪ್ಪತ್ತು ವರ್ಷದ ಮಿತಿ. ಪೇಪರಿನವರು ಫೋಟೋ ಹಾಕಿ ಕಣ್ಣೀರಿಟ್ಟರು. ನಾನು ರಜೆ ಹಾಕಿ ಕುರ್ಲಾದ ಸಿಎಸ್‌ಟಿ ರಸ್ತೆಯ ಗುಜರಿ ಅಂಗಡಿಗಳಿಗೆ ಹೋದೆ. ಎರಡು ದಿನ ತಿರುಗಿ ಐದು ರಿಮ್ಮು ಆರಿಸಿದೆ. ಒಂದೊಂದನ್ನೂ ತಿರುಗಿಸಿ ನೋಡಿ, ಡೊಂಕಿದ್ದದ್ದು ಬಿಟ್ಟು, ಬೋಲ್ಟಿನ ತೂತು ಸವೆದದ್ದು ಬಿಟ್ಟು. ಮರಳು ಹೊಡೆಸಿ ತುಕ್ಕು ತೆಗೆಸಿ, ಸಾದಾ ಬೂದು ಬಣ್ಣ ಹಾಕಿಸಿದೆ. ಒಂದು ರಿಮ್ಮಿನ ಒಳಗಡೆ ಹಳದಿ ಬಣ್ಣದ ಸಣ್ಣ ಚುಕ್ಕೆ ಇತ್ತು, ಅದನ್ನು ಬಿಡಿಸಬೇಡ ಅಂದೆ.

ಶುದ್ಧಾಂಗರು ಕೇಳಬಹುದು, ಟ್ಯಾಕ್ಸಿಯ ಗಾಲಿ ನಿಮ್ಮಪ್ಪನ ಗಾಲಿ ಹೇಗಾದೀತು ಅಂತ. ಆಗುವುದಿಲ್ಲ. ನನ್ನಪ್ಪನ ಗಾಲಿಯನ್ನು ನಾನೇ ಗುಜರಿಗೆ ಹಾಕಿಸಿದ್ದೇನೆ. ಮಗಳು ಕೇಳಿದಾಗ ಅದನ್ನೇ ಹೇಳಿದೆ, ಆಲ್ಬಮಿನ ಫೋಟೋ ತೋರಿಸಿ. 'ಹಂಗಾದ್ರೆ ಬಿಳಿ ಗಾಲಿ ಯಾರದು?' ಅಂದಳು. 'ಸುಳ್ಳು ಹೇಳಿದ್ದೆ' ಅಂದೆ. ಅವಳಿಗೆ ಬಿಳಿ ಗಾಲಿಯೇ ಹೆಚ್ಚು ಇಷ್ಟವಾಗಿತ್ತು, ಅದು ಬೇರೆ ಮಾತು.

ಸಭಾಂಗಣದ ಬಾಗಿಲಿನ ಆ ಪದ್ಮಿನಿಯ ಯಜಮಾನರು ಈ ಪತ್ರಿಕೆ ಓದುತ್ತಾರೆ ಅಂತ ಕೇಳಿದ್ದೇನೆ. ಸಾರ್, ನನ್ನ ಮೇಲೆ ಸಿಟ್ಟು ಮಾಡಿಕೊಳ್ಳಿ, ಪರವಾಗಿಲ್ಲ. ನಾಳೆ ಬೆಳಿಗ್ಗೆ ಗಾಡಿ ತೆಗೆಯುವ ಮೊದಲು ಆ ಬಿಳಿ ಪಟ್ಟಿಯ ಅಂಚಿಗೆ ಉಗುರು ಹಾಕಿ. ಏಳದಿದ್ದರೆ ಸಂತೋಷ. ಎದ್ದರೆ ಒಳಗೆ ಬೆರಳು ಆಡಿಸಿ ನೋಡಿ. ಗೀರು ಸಿಕ್ಕಿದರೆ ಗಾಡಿ ಅಲ್ಲೇ ಬಿಟ್ಟು ಆಟೋ ಹಿಡಿಯಿರಿ.